ಕೆಂಪು ಗೆರೆ ಮತ್ತು ಚರ್ಚಿನ ಸಾಫ್ಟ್‌ವೇರ್

ನಮ್ಮ ಚರ್ಚಿಗೆ ಸಾಫ್ಟ್‌ವೇರ್ ಆರಿಸುವ ಕಮಿಟಿಗೆ ನನ್ನನ್ನು ಸೇರಿಸಿದ್ದು ನನ್ನ ಬುದ್ಧಿವಂತಿಕೆ ನೋಡಿ ಅಲ್ಲ. ಯಾವ ಕಮಿಟಿ ಮಾಡಿದರೂ ಹೆಂಗಸರ ಸಂಘದಿಂದ ಒಬ್ಬರು ಇರಬೇಕು ಅಂತ ನಿಯಮ. ಆ ಭಾನುವಾರ ಸಂಘದ ಹೆಂಗಸರೆಲ್ಲ ಒಂದು ಮದುವೆಗೆ ಹೋಗಿದ್ದರು. ನನಗೆ ಮಂಡಿ ನೋವು, ನಾನು ಹೋಗಿರಲಿಲ್ಲ. ಹಾಗಾಗಿ ನನ್ನ ಹೆಸರು ಬರೆದುಕೊಂಡರು.

ಸಾಫ್ಟ್‌ವೇರ್ ಬೇಕು ಅನ್ನುವ ಮಾತು ಹುಟ್ಟಿದ್ದು ಒಂದು ದೀಕ್ಷಾಸ್ನಾನದ ಸರ್ಟಿಫಿಕೇಟಿನಿಂದ. ಒಬ್ಬಾತ ಬಂದು ತನ್ನ ತಾಯಿಯ ಸರ್ಟಿಫಿಕೇಟು ಬೇಕು, ಏನೋ ಆಸ್ತಿಯ ಕಾಗದಕ್ಕೆ ಹಚ್ಚಬೇಕು ಅಂದ. ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಬೀರುವಿನಲ್ಲಿದ್ದ ರಿಜಿಸ್ಟರುಗಳನ್ನೆಲ್ಲ ಹೊರಗೆ ತೆಗೆದು ಮೂರು ದಿನ ಹುಡುಕಿದರು. ಸಿಗಲಿಲ್ಲ. ನಾಲ್ಕನೇ ದಿನ ನನಗೆ ಹೇಳಿ ಕಳಿಸಿದರು. ನಾನು ಹೋಗಿ ಹತ್ತು ನಿಮಿಷದಲ್ಲಿ ತೆಗೆದುಕೊಟ್ಟೆ. ಹಾಳೆ ಅಲ್ಲೇ ಇತ್ತು. ಅಯ್ಯನವರಿಗೆ ಆ ಅಕ್ಷರ ಓದಲು ಬಂದಿರಲಿಲ್ಲ, ಅಷ್ಟೇ.

ಅದು ನನ್ನ ಮಾವನ ಅಕ್ಷರ. ಅವರು ಚರ್ಚಿನ ಹಿರಿಯರಾಗಿದ್ದರು, ರಿಜಿಸ್ಟರು ಬರೆಯುವುದು ಅವರ ಕೆಲಸ. ಒಂದು ಪದಕ್ಕೂ ಇನ್ನೊಂದಕ್ಕೂ ಜಾಗ ಬಿಡದೆ, ಒತ್ತಕ್ಷರವನ್ನು ಕೆಳಗಿನ ಸಾಲಿನ ಮೈಮೇಲೆ ಬಿಟ್ಟು, ಕೋಳಿ ಕೆದರಿದ ಹಾಗೆ ಬರೆಯುತ್ತಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಚ್ಚಾದ ಅಕ್ಷರ ಓದಲು ಇವತ್ತಿಗೂ ತಡವರಿಸುತ್ತೇನೆ. ಮಾವನ ಅಕ್ಷರ ಮಾತ್ರ ಸರಾಗ. ಯಾಕೆಂದರೆ ಸೊಸೆಯ ಜೊತೆ ನೇರವಾಗಿ ಮಾತಾಡುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ. ಬೆಳಗ್ಗೆ ಎದ್ದು ಒಂದು ಚೀಟಿ ಬರೆದು ಅಡುಗೆಮನೆಯ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದರು. ಊಟಕ್ಕೆ ಇಬ್ಬರು ಹೆಚ್ಚು ಬರುತ್ತಾರೆ. ಹಸುವಿಗೆ ಬೂಸಾ ತರಿಸು. ನೆನ್ನೆ ಸಾರಿಗೆ ಉಪ್ಪು ಕಡಿಮೆ. ಅವರು ಸಾಯುವ ತನಕ ಆ ಚೀಟಿಗಳನ್ನು ಓದಿ ಅಡುಗೆ ಮಾಡಿದವಳು ನಾನು.

ನಮ್ಮ ಚರ್ಚು ವೈಟ್‌ಫೀಲ್ಡ್ ಕಡೆಯದು. ನಾನು ಮದುವೆಯಾಗಿ ಬಂದಾಗ ಸುತ್ತ ರಾಗಿ ಹೊಲ. ಈಗ ಮೂರು ಕಡೆ ಅಪಾರ್ಟ್‌ಮೆಂಟು, ಇನ್ನೊಂದು ಕಡೆ ನಮ್ಮ ಸಮಾಧಿಗಳು. ಹಳೆಯ ಮನೆಗಳು ನಲವತ್ತು ಇರಬಹುದು. ಉಳಿದವರೆಲ್ಲ ಹೊಸಬರು, ಕಾರಿನಲ್ಲಿ ಬರುತ್ತಾರೆ. ಯಾರು ಯಾರ ಮನೆಯವರು ಅಂತ ಅಯ್ಯನವರಿಗೇ ತಿಳಿಯುವುದಿಲ್ಲ. ಚರ್ಚಿನ ಸೆಕ್ರೆಟರಿ ಹುಬ್ಬಳ್ಳಿ ಕಡೆಯವರು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಒಳ್ಳೆಯ ಮನುಷ್ಯ. ಸರ್ಟಿಫಿಕೇಟಿನ ಪಾಡು ನೋಡಿ ಅವರು ಹೇಳಿದರು: "ಇನ್ನ ಇದು ನಡೆಯಂಗಿಲ್ರೀ. ಗೆದ್ದಲು ಹತ್ತೋದರೊಳಗ ಎಲ್ಲಾ ಕಂಪ್ಯೂಟರ್‌ಗೆ ಹಾಕಿಬಿಡೂಣು."

ಕಮಿಟಿಯಲ್ಲಿ ಐದು ಜನ. ಇಬ್ಬರು ಒಂದು ಮೀಟಿಂಗಿಗೂ ಬರಲಿಲ್ಲ. ಉಳಿದದ್ದು ಅಯ್ಯನವರು, ಸೆಕ್ರೆಟರಿ, ನಾನು.

ನಾನು ಆ ಕಮಿಟಿಯಲ್ಲಿ ಬಾಯಿ ಬಿಡದೆ ಟೀ ಕುಡಿದು ಬರುತ್ತಿದ್ದೆನೋ ಏನೋ. ಹಾಗಾಗದೆ ಹೋದದ್ದು ನನ್ನ ನಾದಿನಿಯಿಂದ. ಅವಳ ವಿಷಯ ಮೊದಲು ಹೇಳಬೇಕು.

ನಾದಿನಿ ನನ್ನ ಗಂಡನ ತಂಗಿ, ನನಗಿಂತ ಎರಡು ವರ್ಷ ಚಿಕ್ಕವಳು. ನನ್ನ ಮದುವೆಯಾದ ಮರುವರ್ಷ ಅವಳು ಸೈಕಲ್ ಶಾಪಿನವನೊಬ್ಬನನ್ನು ಮೆಚ್ಚಿದಳು. ಅವನು ನಮ್ಮ ಸಭೆಯವನಲ್ಲ, ಅಂದರೆ ನಮ್ಮ ಚರ್ಚಿಗೆ ಸೇರಿದವನಲ್ಲ, ಕ್ರೈಸ್ತನೂ ಅಲ್ಲ. ಮನೆಯಲ್ಲಿ ಕೂಡಿಹಾಕಿದರು. ಹತ್ತು ದಿನ ಕಳೆದ ಮೇಲೆ ಹಿತ್ತಲ ಬಾಗಿಲಿನಿಂದ ಹೋಗಿ, ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡಳು. ಮುಂದಿನ ಭಾನುವಾರ ಮಾವ ಸಭೆಯ ಮುಂದೆ ನಿಂತು ಅವಳ ಹೆಸರು ಓದಿ, "ಅನ್ಯನ ಜೊತೆ ಹೋದಳು, ಸಭೆಯಿಂದ ತೆಗೆಯಲಾಗಿದೆ" ಅಂದರು. ಮನೆಗೆ ಬಂದು ರಿಜಿಸ್ಟರು ಬಿಡಿಸಿ, ಸ್ಕೇಲು ಇಟ್ಟು, ಸ್ವಂತ ಮಗಳ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಗೆರೆ ನೆಟ್ಟಗಿತ್ತು.

ಅವರಿಬ್ಬರ ಸುದ್ದಿಯನ್ನು ಮಾವನಿಗೆ ಮುಟ್ಟಿಸಿದ್ದು ನಾನು. ಅವರ ಚೀಟಿಗಳಿಗೆ ನಾನು ಎಂದೂ ಉತ್ತರ ಬರೆದವಳಲ್ಲ. ಅದೊಂದು ಸಲ ಬರೆದು ಅದೇ ಗೂಡಿನಲ್ಲಿ ಇಟ್ಟೆ. ಸೊಸೆಯಾಗಿ ಬಂದ ಹೊಸತು, ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ. ನಾದಿನಿಗೆ ಅದು ಗೊತ್ತು. ನಾನು ಕ್ಷಮೆ ಕೇಳಿಲ್ಲ, ಅವಳೂ ಕೇಳಿಸಿಕೊಳ್ಳುವುದಕ್ಕೆ ಕಾದು ಕೂತಿಲ್ಲ.

ಅವಳು ಒಳ್ಳೆಯ ಸಂಸಾರ ಮಾಡಿದಳು. ಅವನು ಕುಡಿಯುವವನಲ್ಲ, ಹೊಡೆಯುವವನಲ್ಲ. ಆರು ವರ್ಷದ ಹಿಂದೆ ಅವನು ಸತ್ತ. ಮಗಳು ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಬಾ ಅಂತ ಕರೆದಳು. ಇವಳು ಹೋಗಲಿಲ್ಲ. ಹುಟ್ಟಿದ ಊರಿಗೇ ಬಂದು ನಮ್ಮ ಹಿಂದಿನ ಬೀದಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಳು. ಅಂದಿನಿಂದ ಪ್ರತಿ ಭಾನುವಾರ ಚರ್ಚಿಗೆ ಬಂದು ಕಡೇ ಬೆಂಚಿನಲ್ಲಿ ಕೂರುತ್ತಾಳೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಇರುತ್ತದೆ. ರೊಟ್ಟಿ, ದ್ರಾಕ್ಷಾರಸ ಮುಂದಕ್ಕೆ ತಂದ ಕೂಡಲೇ ಅವಳು ಎದ್ದು ಹೊರಗೆ ಹೋಗಿ ಗೇಟಿನ ಹತ್ತಿರ ನಿಲ್ಲುತ್ತಾಳೆ. ಗೆರೆ ಬಿದ್ದವರಿಗೆ ಅದು ಇಲ್ಲ. ಸತ್ತರೆ ನಮ್ಮ ಸಮಾಧಿಗಳಲ್ಲಿ ಜಾಗವೂ ಇಲ್ಲ.

ಹೋದ ವರ್ಷ ಅವಳಿಗೆ ಉಬ್ಬಸ ಜೋರಾಯಿತು. ಎರಡು ಸಲ ಆಸ್ಪತ್ರೆಗೆ ಸೇರಿಸಿದೆವು. ಎರಡನೇ ಸಲ ಮನೆಗೆ ಬಂದಾಗ ಹೇಳಿದಳು: "ಅತ್ತಿಗೆ, ನನ್ನನ್ನ ಅಮ್ಮನ ಪಕ್ಕ ಹಾಕ್ಸು."

ಅವಳು ಈ ಊರಿಗೆ ಬಂದಮೇಲೆ ನನ್ನ ಹತ್ತಿರ ಕೇಳಿದ್ದು ಅದೊಂದೇ.

"ಅದಕ್ಕೆ ಗೆರೆ ಅಳಿಸ್ಬೇಕು ಕಣೇ," ಅಂದೆ. "ಎಷ್ಟು ಸಲ ಏಳಿದ್ದೀನಿ. ಒಂದು ಭಾನುವಾರ ಸಭೆ ಮುಂದೆ ಮೊಣಕಾಲೂರಿ, ತಪ್ಪಾಯ್ತು ಅನ್ನು. ಎಲ್ಡು ನಿಮಿಷದ ಕೆಲಸ."

"ಏನು ತಪ್ಪಾಯ್ತು?"

"ಏನೋ ಒಂದು."

"ಏನೋ ಒಂದಕ್ಕೆ ಮೊಣಕಾಲೂರಕ್ಕೆ ನಾನೇನು ನಿನ್ನ ಗಂಡನಾ?" ಅಂದಳು.

ನನ್ನ ಗಂಡ ಹಾಗೆ ಮೊಣಕಾಲೂರಿದ್ದು ನಿಜ. ಕುಡಿದು ಸುಗ್ಗಿ ಹಬ್ಬದ ದಿನ ಗಲಾಟೆ ಮಾಡಿದ್ದಕ್ಕೆ. ಅವರಪ್ಪ ಅವರಿಗೂ ಗೆರೆ ಎಳೆದಿದ್ದರು. ಮೂರು ತಿಂಗಳಿಗೆ ಮೊಣಕಾಲೂರಿ, ನಾಲ್ಕನೇ ತಿಂಗಳಿಗೆ ಮತ್ತೆ ಕುಡಿದರು.

"ಹೋಗಲಿ, ಮಂಡಿ ನೋವು ಅಂತ ನಿಂತ್ಕೊಂಡೇ ಅನ್ನು," ಅಂದೆ.

"ನಿನಗೆ ಮಂಡಿ ನೋವು. ನನಗೆ ಉಬ್ಬಸ," ಅಂದು ಗೋಡೆ ಕಡೆ ತಿರುಗಿ ಮಲಗಿದಳು.

ಇಷ್ಟಾಗಿತ್ತು ನಾನು ಕಮಿಟಿಗೆ ಸೇರುವ ಹೊತ್ತಿಗೆ.

ಮೊದಲನೆಯ ಸಾಫ್ಟ್‌ವೇರ್ ವಿದೇಶದ್ದು. ಮಾರುವವನು ಎಲ್ಲಿಂದಲೋ ಪರದೆಯ ಮೇಲೆ ಬಂದು ಇಂಗ್ಲಿಷಿನಲ್ಲಿ ಮಾತಾಡಿದ. ಸೆಕ್ರೆಟರಿ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದರು. ನನಗೆ ಒಂದೇ ಪ್ರಶ್ನೆ ಇತ್ತು.

"ಸತ್ತೋರ್ನ ಏನ್ಮಾಡ್ತಾರೆ ಕೇಳಿ."

ಸೆಕ್ರೆಟರಿ ಕೇಳಿದರು. ಅವನು ಗುಂಡಿ ಒತ್ತಿ ಅಳಿಸಬಹುದು ಅಂದ. ಯಾಕಪ್ಪ ಅಳಿಸಬೇಕು, ಸತ್ತವರೇನು ಸಭೆ ಬಿಟ್ಟು ಹೋದರೇ ಅಂದೆ. ಸೆಕ್ರೆಟರಿ ಅದನ್ನು ಇಂಗ್ಲಿಷಿಗೆ ತಿರುಗಿಸದೆ ನಕ್ಕು ಬಿಟ್ಟರು. ಆದರೆ ಅದು ಬೇಡವಾದದ್ದು ಬೇರೆ ಕಾರಣಕ್ಕೆ. ಅದರಲ್ಲಿ ಮನೆತನದ ಹೆಸರು ಹಾಕದೆ ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಹಳೆಯ ಮನೆಗಳವರಿಗೆ ಮನೆತನದ ಹೆಸರೇ ಇಲ್ಲ, ಅಪ್ಪನ ಹೆಸರಿನ ಮೊದಲ ಅಕ್ಷರ ಒಂದೇ. ಸೆಕ್ರೆಟರಿ ಪರೀಕ್ಷೆಗೆ ಅಂತ ಆ ಜಾಗದಲ್ಲಿ ಊರಿನ ಹೆಸರು ಹಾಕಿದರು. ನಲವತ್ತು ಮನೆಯೂ ಒಂದೇ ಸಂಸಾರವಾಗಿ, ಅಕ್ಷರಮಾಲೆಯ ಪ್ರಕಾರ ಮೊದಲು ಬಂದ ಒಬ್ಬ ಮುದುಕ ಎಲ್ಲರಿಗೂ ಯಜಮಾನನಾದ. ಆ ಮುದುಕನಿಗೆ ಅವನ ಸೊಸೆಯೇ ಅನ್ನ ಹಾಕುತ್ತಿಲ್ಲ ಅಂದೆ. ಅಯ್ಯನವರೂ ನಕ್ಕರು. ಅದು ಅಲ್ಲಿಗೆ ಹೋಯಿತು.

ಎರಡನೆಯದು ತೋರಿಸಲು ಮಾರತ್ತಹಳ್ಳಿಯ ಆಫೀಸಿನಿಂದ ಒಬ್ಬ ಹೆಂಗಸು ಬಂದಳು. ಅಚ್ಚುಕಟ್ಟಾದ ಹೆಂಗಸು. ಟ್ರಾಫಿಕ್‌ನಲ್ಲಿ ಸಿಕ್ಕಿ ಬಂದಿದ್ದರೂ ನೀರು ಕುಡಿದು ನೇರ ಕೆಲಸಕ್ಕೆ ಕೂತಳು. ಗೋಡೆಯ ಮೇಲೆ ಹಸಿರು ಬಣ್ಣದ ಪುಟ ಬಿಟ್ಟು ಒಂದೊಂದೇ ತೋರಿಸಿದಳು. ಕನ್ನಡದಲ್ಲಿ ಬರೆಯಬಹುದು. ಯಾರಿಗೆ ಹುಷಾರಿಲ್ಲ, ಯಾರ ಮನೆಗೆ ಅಯ್ಯನವರು ಹೋಗಿಲ್ಲ, ಎಲ್ಲ ಬರುತ್ತದೆ. ನಾನು ನನ್ನ ಪ್ರಶ್ನೆ ಕೇಳಿದೆ.

"ಒಳ್ಳೇ ಪ್ರಶ್ನೆ ಕೇಳಿದ್ರಿ ಅಮ್ಮ," ಅಂದಳು. "ಇಲ್ಲಿ ನೋಡಿ. ಒಬ್ಬೊಬ್ಬರ ಹೆಸರಿನ ಮುಂದೂ ನಾಲ್ಕು ಆಯ್ಕೆ ಇರುತ್ತೆ. ಸಭೆಯಲ್ಲಿದ್ದಾರೆ, ಬೇರೆ ಊರಿಗೆ ಹೋದರು, ತೀರಿಕೊಂಡರು, ತೆಗೆಯಲಾಗಿದೆ."

"ತೆಗೆಯಲಾಗಿದೆ ಅಂದ್ರೆ?"

ಅವಳು ಒತ್ತಿ ತೋರಿಸಿದಳು. ಹೆಸರು ಕೆಂಪಾಯಿತು. ಕೆಳಗೆ ಒಂದು ಖಾನೆ ಬಿಚ್ಚಿಕೊಂಡಿತು: ಕಾರಣ. ಅದರ ಕೆಳಗೆ ಇನ್ನೊಂದು: ಮರಳಿ ಸೇರಿಸಿದ ದಿನ. ಆ ದಿನ ತುಂಬುವ ತನಕ ಕರ್ತನ ಭೋಜನದ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ, ಸಮಾಧಿಯ ಅರ್ಜಿಯಲ್ಲೂ ತೆಗೆದುಕೊಳ್ಳುವುದಿಲ್ಲ. "ಯಾರೂ ಮರೆತು ಸೇರಿಸೋಕೆ ಆಗಲ್ಲ. ಸಿಸ್ಟಮ್ಮೇ ತಡೆಯುತ್ತೆ," ಅಂದಳು.

ಸೆಕ್ರೆಟರಿಗೆ ಬಹಳ ಹಿಡಿಸಿತು. "ಇದರಾಗ ಎಲ್ಲಾ ಐತ್ರಿ ಅಜ್ಜಿ. ಹಳೇ ರಿಜಿಸ್ಟರ್‌ನಾಗ ಏನೈತಿ, ಅದು ಹಂಗ ಬರ್ತೈತಿ ನೋಡ್ರಿ."

ಅದೇ ನನಗೂ ಕಂಡದ್ದು. ಮಾವನ ಕೈಯಲ್ಲಿ ಸ್ಕೇಲು ಇತ್ತು, ಇದಕ್ಕೆ ಅದೂ ಬೇಡ.

ಮೂರನೆಯದನ್ನು ತೋರಿಸಲು ಯಾರೂ ಬರಲಿಲ್ಲ. ಯಾವುದೋ ಚಿಕ್ಕ ಸಭೆಗಳವರು ತಮಗಾಗಿ ಮಾಡಿಕೊಂಡು ಬೇರೆಯವರಿಗೂ ಕೊಡುತ್ತಾರಂತೆ. ಸೆಕ್ರೆಟರಿಯೇ ಇಳಿಸಿಕೊಂಡು ತೋರಿಸಿದರು. ನೀಲಿ ಬಣ್ಣದ್ದು, ನೋಡಲು ಮಂಕು. ಹುಷಾರಿಲ್ಲದವರ ಪಟ್ಟಿ ಇಲ್ಲ, ಅಯ್ಯನವರು ಯಾರ ಮನೆಗೆ ಹೋದರು ಅಂತ ಬರೆಯಲು ಜಾಗವಿಲ್ಲ. ಹೆಸರಿನ ಮುಂದೆ ಮೂರೇ ಆಯ್ಕೆ. ಇದ್ದಾರೆ, ಬೇರೆ ಊರಿಗೆ ಹೋದರು, ತೀರಿಕೊಂಡರು.

"ನಾಲ್ಕನೇದು?" ಅಂದೆ.

"ಇಲ್ರೀ. ಇಷ್ಟ."

"ಆಮೇಲೆ ಸೇರಿಸ್ಕೋಬಹುದಾ?"

"ಬರಂಗಿಲ್ರೀ. ಅವರು ಕೊಟ್ಟಿದ್ದಷ್ಟ. ಅದಕ್ಕ ನಾನು ಇದು ಬ್ಯಾಡ ಅಂತೀನಿ."

ಮುಂದಿನ ಶನಿವಾರ ತೀರ್ಮಾನ ಅಂತಾಯಿತು. ಆ ವಾರ ನಾದಿನಿಯ ಮನೆಗೆ ಹೋಗಿ ಮತ್ತೊಂದು ಸಲ ಕೇಳಿದೆ. ಮೊಣಕಾಲೂರುತ್ತೀಯೋ ಇಲ್ಲವೋ. ಅವಳು ಸೊಪ್ಪು ಬಿಡಿಸುತ್ತಾ, ನೀನು ಯಾವಾಗ ಚೀಟಿ ಬರೆಯೋದು ಬಿಟ್ಟು ಮಾತಾಡಕ್ಕೆ ಕಲಿತೆ ಅಂದಳು. ನಾನೂ ಅವಳ ಜೊತೆ ಕೂತು ಒಂದು ಕಟ್ಟು ಸೊಪ್ಪು ಬಿಡಿಸಿಕೊಟ್ಟು ಬಂದೆ.

ಶನಿವಾರ ಸ್ವಲ್ಪ ಬೇಗನೇ ಹೋಗಿ ಅಯ್ಯನವರ ಹತ್ತಿರ ಬೀರುವಿನ ಕೀಲಿ ಕೇಳಿದೆ. ಮಾವನ ದೊಡ್ಡ ರಿಜಿಸ್ಟರು ತೆಗೆದು ಮೇಜಿನ ಮೇಲಿಟ್ಟೆ. ಸೆಕ್ರೆಟರಿ ಬಂದು ಕೂತರು. ಹಸಿರು ಸಾಫ್ಟ್‌ವೇರ್ ತೆಗೆದುಕೊಳ್ಳೋಣ ಅಂತ ಅವರು ಅಚ್ಚು ಹಾಕಿಸಿದ ಕಾಗದ ತಂದಿದ್ದರು. ಅಯ್ಯನವರು ನನ್ನ ಕಡೆ ನೋಡಿ, "ಅಮ್ಮ, ನೀವೇನಂತೀರಿ?" ಅಂದರು.

"ನಂಗೆ ನೀಲೀದು ಬೇಕು."

"ಯಾಕ್ರೀ ಅಜ್ಜಿ? ಅದರಾಗ ಏನೂ ಇಲ್ಲ."

"ಗೆರೆ ಎಳೆಯಕ್ಕೆ ಜಾಗ ಇಲ್ಲ. ಅದಕ್ಕೇ ಬೇಕು."

ಅಯ್ಯನವರು ಬಂದು ಮೂರು ವರ್ಷವಾಗಿತ್ತು. ನಾದಿನಿ ಯಾಕೆ ಹೊರಗೆ ಹೋಗುತ್ತಾಳೆ ಅಂತ ಅವರಿಗೆ ಗೊತ್ತಿತ್ತು, ಕೆದಕಿರಲಿಲ್ಲ. ಅವರು ನಿಧಾನವಾಗಿ ಹೇಳಿದರು: "ಅಮ್ಮ, ಸಭೆ ಅಂದಮೇಲೆ ಶಿಸ್ತು ಅಂತ ಒಂದು ಇರಬೇಕಲ್ಲ. ಅವರು ಬಂದು ಒಂದು ಮಾತು ಹೇಳಿದ್ರೆ ನಾನು ಅವತ್ತೇ ಸೇರಿಸ್ಕೋತೀನಿ."

"ಅವಳು ಆ ಮಾತು ಏಳಲ್ಲ. ಅದು ಬಿಡಿ. ಇಲ್ಲಿ ಕೇಳಿ."

ನಾನು ರಿಜಿಸ್ಟರು ಬಿಡಿಸಿ ಕೆಂಪು ಗೆರೆ ಬಿದ್ದ ಹಾಳೆಗಳನ್ನಷ್ಟೇ ಓದುತ್ತಾ ಹೋದೆ. ಅವರಿಬ್ಬರಿಗೂ ಆ ಅಕ್ಷರ ಬಾರದು, ನನ್ನ ಬಾಯಿಂದಲೇ ಕೇಳಬೇಕು. ಒಟ್ಟು ಹನ್ನೊಂದು ಗೆರೆ. ಕುಡಿದು ಬಂದದ್ದಕ್ಕೆ, ಮರಳಿ ಸೇರಿಸಲಾಗಿದೆ. ಎರಡನೇ ಹೆಂಡತಿ ಇಟ್ಟುಕೊಂಡದ್ದಕ್ಕೆ, ಮರಳಿ ಸೇರಿಸಲಾಗಿದೆ. ಸಭಾ ಹಿರಿಯನಿಗೆ ಕೈ ಮಾಡಿದ್ದಕ್ಕೆ, ಮರಳಿ ಸೇರಿಸಲಾಗಿದೆ. ನನ್ನ ಗಂಡನದೂ ಓದಿದೆ, ಬಿಡಲಿಲ್ಲ. ಎಂಟು ಗಂಡಸರು, ಎಂಟು ಜನವೂ ವರ್ಷ ತುಂಬುವುದರೊಳಗೆ ಒಳಗೆ ಬಂದಿದ್ದರು. ಮೂವರು ಹೆಂಗಸರು. ಒಬ್ಬಳು ಮದುವೆಗೆ ಮುಂಚೆ ಬಸುರಾದಳು. ಒಬ್ಬಳು ಗಂಡನನ್ನು ಬಿಟ್ಟು ತವರಿಗೆ ಬಂದಳು. ಒಬ್ಬಳು ನನ್ನ ನಾದಿನಿ. ಆ ಮೂರು ಗೆರೆಯ ಮುಂದೆ ಏನೂ ಬರೆದಿರಲಿಲ್ಲ.

"ಮೊದಲಿನ ಇಬ್ರು ಏನಾದ್ರು?" ಅಂತ ಅಯ್ಯನವರು ಕೇಳಿದರು.

"ಸತ್ರು. ಒಬ್ಬಳನ್ನ ಎಲ್ಲಿ ಊತ್ರು ಅಂತ ನಂಗೂ ಗೊತ್ತಿಲ್ಲ."

ಸೆಕ್ರೆಟರಿ ಪೆನ್ನಿನ ಕ್ಯಾಪು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ಅವರು ಹೇಳಿದ್ದೂ ಸುಮ್ಮನೆ ತಳ್ಳಿಹಾಕುವ ಮಾತಲ್ಲ. "ಅಜ್ಜಿ, ನನಗೂ ಕೆಟ್ಟ ಅನಸ್ತದ್ರೀ. ಆದ್ರ ಇದ್ದದ್ದು ಇದ್ದಂಗ ಬರೀಬೇಕಲ್ರೀ. ಇಲ್ಲಾಂದ್ರ ಅದು ಸುಳ್ಳ ಆಗ್ತದ. ನಾಳೆ ಯಾರರ ನನ್ನ ಕೇಳಿದ್ರ?"

"ಸುಳ್ಳು ಯಾವುದು? ಪುಸ್ತಕ ಸುಟ್ಟಾಕಿ ಅಂದ್ನಾ? ಬೀರುನಲ್ಲಿ ಇರ್ತದೆ. ಕೇಳೋರು ಬಂದು ಓದ್ಲಿ, ಬಂದ್ರೆ. ನಾನಿರೋಗಂಟ ನಾನೇ ಓದಿ ಏಳ್ತೀನಿ. ಅವಳು ಇದ್ದಾಳಾ ಇಲ್ವಾ, ಅದೊಂದು ಮಾತು ಏಳು. ಭಾನುವಾರ ಭಾನುವಾರ ನೀನೇ ನೋಡ್ತೀಯಲ್ಲಪ್ಪ."

"ಇದ್ದಾರ್ರೀ."

"ಮತ್ತೆ?"

ಅಯ್ಯನವರ ಕಡೆ ತಿರುಗಿ, "ಅಯ್ಯನೋರೇ, ಗೆರೆ ಎಳೆದೋರು ಸತ್ತು ಮೂವತ್ತು ವರ್ಷದ ಮೇಲಾಯ್ತು. ಅವರು ಎಳೆಯೋವಾಗ ಯಾರು ಯಾಕೆ ಅಂತ ಊರಿಗೆಲ್ಲ ಗೊತ್ತಿತ್ತು. ಈಗ ನಂಗೊಬ್ಳಿಗೆ ಗೊತ್ತು. ನೀವು ಇನ್ನೆಷ್ಟು ವರ್ಷ ಇರ್ತೀರಿ ಇಲ್ಲಿ?" ಅಂದೆ.

"ಎರಡು ವರ್ಷಕ್ಕೆ ವರ್ಗ ಆಗಬಹುದು."

"ಮುಂದೆ ಬರೋರು ಕಂಪ್ಯೂಟ್ರು ತೆಗೆದ್ರೆ ಕೆಂಪಗೆ ಕಾಣ್ತದೆ. ಅವಳು ಏನು ಮಾಡಿದ್ಳೋ ಅಂತ ಎದರ್ಕೊಂಡು ದೂರ ಇಡ್ತಾರೆ. ಶಿಸ್ತು ಬೇಕಾದ್ರೆ ನೀವು ಬಾಯಲ್ಲಿ ಮಾಡಿ. ನೀವು ಬೈದ್ರೆ ನೀವೇ ಮರೀಬಹುದು. ಅದು ಮರೆಯಲ್ಲ."

ಅಯ್ಯನವರು ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡು ಆ ಹಾಳೆಯನ್ನು ನೋಡಿದರು. ಓದಲು ಬಾರದಿದ್ದರೂ ಗೆರೆ ಕಾಣುತ್ತದಲ್ಲ. ಆಮೇಲೆ, ನೀಲಿಯದೇ ಇರಲಿ, ಹುಷಾರಿಲ್ಲದವರ ಪಟ್ಟಿಯನ್ನು ನಾನು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಅಂದರು. ಸೆಕ್ರೆಟರಿ ತಾವು ತಂದಿದ್ದ ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. ಸಿಟ್ಟು ಬಂತೇನಪ್ಪ ಅಂದೆ. "ಇಲ್ರೀ ಅಜ್ಜಿ. ನೀವು ಓದಿದ್ದು ನಾ ಬರೀತೀನಿ. ಓದೂದು ನಿಮ್ಮ ಜವಾಬ್ದಾರಿ," ಅಂದರು.

ಹಾಗೆ ಆರಂಭವಾಯಿತು. ಶನಿವಾರ ಶನಿವಾರ ನಾನು ಓದುವುದು, ಅವರು ಕಂಪ್ಯೂಟರಿನಲ್ಲಿ ಬಡಿಯುವುದು. ಅವರ ಕೈ ನನ್ನ ಬಾಯಿಗಿಂತ ಚುರುಕು. ಮೂರನೇ ಶನಿವಾರ ನಮ್ಮ ಮನೆಯ ಹಾಳೆ ಬಂತು. ಮಾವ, ಅತ್ತೆ, ನನ್ನ ಗಂಡ, ಎಲ್ಲ ತೀರಿಕೊಂಡರು. ನಾನು, ಇದ್ದಾರೆ. ಆಮೇಲೆ ನಾದಿನಿಯ ಹೆಸರು ಓದಿ, "ಇದ್ದಾರೆ," ಅಂದೆ. ಅವರು ನನ್ನ ಮುಖ ನೋಡದೆ ಒತ್ತಿದರು.

"ಗಂಡ ಇದ್ದಾರೇನ್ರಿ?"

"ಇಲ್ಲ. ವಿಧವೆ ಅಂತ ಹಾಕು."

ಹಾಕಿದರು. ಅದು ಮುಂದಕ್ಕೆ ಹೋಗಲಿಲ್ಲ. "ಗಂಡನ ಹೆಸರು ಕೇಳಾಕತ್ತೈತ್ರಿ. ಬರೀಲಿಲ್ಲಂದ್ರ ಬಿಡಂಗಿಲ್ಲ."

ರಿಜಿಸ್ಟರಿನಲ್ಲಿ ಆ ಹೆಸರು ಇರಲಿಲ್ಲ. ಮಾವ ಅದನ್ನು ಎಲ್ಲೂ ಬರೆದಿರಲಿಲ್ಲ. ನಾನು ನೆನಪಿನಿಂದ ಹೇಳಿದೆ, ಅವರ ದೇವರೊಬ್ಬರ ಹೆಸರು. ಸೆಕ್ರೆಟರಿ ಬಡಿದರು. ತೀರಿಕೊಂಡ ತಿಂಗಳು, ವರ್ಷ ಕೇಳಿತು, ಅದನ್ನೂ ಹೇಳಿದೆ. ಸಮಾಧಿ ಎಲ್ಲಿ ಅಂತ ಕೇಳಿತು. ಅವನನ್ನು ಸುಟ್ಟಿದ್ದರು. ಖಾಲಿ ಬಿಡು ಅಂದೆ. ಯಾವ ಧರ್ಮ ಅಂತ ಅದು ಕೇಳಲೇ ಇಲ್ಲ. ಒಳಗೆ ಬಂದವರೆಲ್ಲ ನಮ್ಮವರೇ ಅಂದುಕೊಂಡಿತ್ತು. ನಮಗಿಬ್ಬರಿಗೂ ಅದು ಆಗ ಹೊಳೆಯಲಿಲ್ಲ, ಮುಂದಿನ ಹಾಳೆಗೆ ಹೋದೆವು.

ಸಂಜೆ ನಾದಿನಿಗೆ ಹೇಳಿದೆ. ಹೆಸರು ಸೇರಿದೆ, ಗೆರೆ ಇಲ್ಲ, ಅಮ್ಮನ ಪಕ್ಕದ ಜಾಗಕ್ಕೆ ಅರ್ಜಿ ಹಾಕಬಹುದು, ನೀನು ಮೊಣಕಾಲೂರಬೇಕಾಗಿಲ್ಲ. ಸಂತೋಷಪಡುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಅಷ್ಟು ಸಿಟ್ಟು ಮಾಡಿಕೊಳ್ಳುತ್ತಾಳೆ ಅಂತಲೂ ಅಂದುಕೊಂಡಿರಲಿಲ್ಲ.

"ಕದ್ದು ಸೇರಿಸ್ದ್ಯಾ? ಹಿತ್ತಲಿಂದ ಹೋದೋಳು ಹಿತ್ತಲಿಂದ್ಲೇ ಬರಬೇಕಾ?"

"ಕದ್ದಿಲ್ಲ. ಅಯ್ಯನೋರಿಗೆ ಗೊತ್ತು."

"ಅವತ್ತು ಅಪ್ಪ ಅಷ್ಟು ಜನದ ಮುಂದೆ ನಿಂತು ಓದಿದ್ರಲ್ಲ, ಅನ್ಯನ ಜೊತೆ ಅಂತ. ನಮ್ಮನೆಯವರಿಗೊಂದು ಹೆಸರಿತ್ತು, ಅತ್ತಿಗೆ. ಅದನ್ನ ಬಾಯಲ್ಲಿ ಅನ್ನಕ್ಕೂ ಅಸಹ್ಯ ನಿಮಗೆ. ಅವರನ್ನ ಹೊರಗಿಟ್ಟು ನನ್ನೊಬ್ಬಳನ್ನ ಒಳಗೆ ಕರೆದ್ರೆ ನಾನು ಬರಲ್ಲ. ಗೇಟ್ ಹತ್ರನೇ ಚೆನ್ನಾಗಿದ್ದೀನಿ."

"ಹೆಸರು ಸೇರಿದೆ ಕಣೇ. ಕಂಪ್ಯೂಟ್ರು ಕೇಳ್ತು, ಏಳ್ದೆ."

"ಕಂಪ್ಯೂಟ್ರು ಒಳಗೆ ಯಾರಿಗೆ ಕೇಳಿಸ್ತದೆ," ಅಂದಳು.

ಎದ್ದು ಬಂದೆ. ಮುಂದಿನ ತಿಂಗಳ ಮೊದಲ ಭಾನುವಾರವೂ ಅವಳು ಎದ್ದು ಹೊರಗೆ ಹೋದಳು. ಅವಳ ಹೆಸರಿದ್ದ ಪಟ್ಟಿ ಹಿಡಿದುಕೊಂಡು ಅಯ್ಯನವರು ಬಾಗಿಲ ಕಡೆ ನೋಡಿದರು, ನಾನು ಹಾಡಿನ ಪುಸ್ತಕ ನೋಡಿದೆ.

ಈಸ್ಟರ್ ಬಂತು. ಆ ದಿನ ಹೊತ್ತು ಹುಟ್ಟುವ ಮುಂಚೆ ಸಮಾಧಿಗಳ ಹತ್ತಿರ ಸೇರಿ ಪ್ರಾರ್ಥನೆ ಮಾಡಿ, ಸತ್ತವರ ಹೆಸರುಗಳನ್ನು ಓದುವುದು ನಮ್ಮಲ್ಲಿ ರೂಢಿ. ಆಮೇಲೆ ಒಳಗೆ ಹೋಗಿ ಕರ್ತನ ಭೋಜನ. ಹಿಂದೆ ಆ ಹೆಸರುಗಳನ್ನು ಮನೆಮನೆಯವರು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಈ ಸಲ ಸೆಕ್ರೆಟರಿ ಕಂಪ್ಯೂಟರಿನಿಂದಲೇ ಪಟ್ಟಿ ತೆಗೆದು ಅಯ್ಯನವರ ಕೈಗೆ ಕೊಟ್ಟಿದ್ದರು. ಮನೆಮನೆಯಾಗಿ ಜೋಡಿಸಿತ್ತು. ಜನ ಮೇಣದ ಬತ್ತಿ ಹಿಡಿದುಕೊಂಡು ತಂತಮ್ಮವರ ಸಮಾಧಿ ಹತ್ತಿರ ನಿಂತಿದ್ದರು. ನಾದಿನಿ ಅವಳ ಅಮ್ಮನ ಸಮಾಧಿಯಿಂದ ಸ್ವಲ್ಪ ದೂರಕ್ಕೆ, ಗೋಡೆಗೆ ಒರಗಿ ನಿಂತಿದ್ದಳು.

ಅಯ್ಯನವರು ನಮ್ಮ ಮನೆಯ ಹೆಸರುಗಳಿಗೆ ಬಂದರು. ಮಾವನದು ಓದಿದರು. ಅತ್ತೆಯದು. ನನ್ನ ಗಂಡನದು. ಅದರ ಕೆಳಗಿನ ಹೆಸರಿಗೆ ಬಂದು ಒಂದು ಗಳಿಗೆ ನಿಂತರು. ಕಾಗದವನ್ನು ಬತ್ತಿಯ ಹತ್ತಿರಕ್ಕೆ ಹಿಡಿದರು. ಸೆಕ್ರೆಟರಿ ಥಟ್ಟನೆ ನನ್ನ ಕಡೆ ತಿರುಗಿದರು. ನಾವು ಮಾಡಿದ ತಪ್ಪು ಆಗ ಗೊತ್ತಾಯಿತು. ಗಂಡ ಅಂತ ಹಾಕಿದವನನ್ನು ಅದು ಸಭೆಯಲ್ಲಿ ತೀರಿಕೊಂಡವರ ಜೊತೆ ಸೇರಿಸಿಬಿಟ್ಟಿತ್ತು.

ಅಯ್ಯನವರು ಆ ಹೆಸರನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಉಳಿದ ಹೆಸರುಗಳನ್ನು ಓದಿದ ಹಾಗೆಯೇ ಅದನ್ನೂ ಪೂರ್ತಿ ಓದಿದರು. ಸಮಾಧಿಗಳ ನಡುವೆ ನಿಂತಿದ್ದ ನಾಲ್ಕಾರು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟರಲ್ಲಿ ಮುಂದಿನ ಮನೆಯವರ ಹೆಸರು ಬಂತು, ತಂತಮ್ಮವರ ಹೆಸರಿಗೆ ಕಿವಿ ಕೊಟ್ಟರು.

ನಾನು ನಾದಿನಿಯ ಕಡೆ ನೋಡಿದೆ. ಅಳುತ್ತಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಬೆಳಗಿನ ಚಳಿಗೆ ಅವಳಿಗೆ ಉಬ್ಬಸ ಬರುತ್ತದೆ, ಅದಕ್ಕೂ ಇರಬಹುದು.

ಒಳಗೆ ಹೋಗಿ ಆರಾಧನೆ ನಡೆಯಿತು. ರೊಟ್ಟಿ, ದ್ರಾಕ್ಷಾರಸ ಮುಂದಕ್ಕೆ ಬಂತು. ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ, ಕುತ್ತಿಗೆಯೂ ತಿರುಗುವುದಿಲ್ಲ. ನಾನು ಮುಂದೆ ಹೋಗಿ ಪೀಠದ ಮುಂದಿನ ಮರದ ಕಟಾಂಜನ ಹಿಡಿದು, ಮಂಡಿ ಬಗ್ಗದ್ದರಿಂದ ನಿಂತೇ ಇದ್ದೆ. ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತಾ ಬಂದು, ಬೇರೆಯವರೆಲ್ಲರ ಜೊತೆ ಮೊಣಕಾಲೂರಿದರು. ಉಸಿರಿನಿಂದಲೇ ಗೊತ್ತಾಯಿತು. ಅಯ್ಯನವರು ರೊಟ್ಟಿ ಮುರಿದು ನನಗೆ ಕೊಟ್ಟರು, ಆಮೇಲೆ ಅವಳಿಗೆ ಕೊಟ್ಟರು.

ಹೊರಗೆ ಬಂದ ಮೇಲೆ ಸೆಕ್ರೆಟರಿ ಓಡಿ ಬಂದು, "ಅಜ್ಜಿ, ಆ ಹೆಸರು ತಪ್ಪಿ ಬಂದೈತ್ರಿ, ನಾಳೆನ ತೆಗೀತೀನಿ," ಅಂದರು.

"ತೆಗೆಯಕ್ಕೆ ಆಗ್ತದಾ?"

"ಹೆಂಡತಿ ಹೆಸರಿಗೆ ಗಂಟು ಬಿದ್ದೈತ್ರಿ. ಅದನ್ನ ತೆಗೆದ್ರ ಇವರದೂ ಹೋಗ್ತದ."

"ಮತ್ತೆ ಮುಟ್ಟಬೇಡ."

ಅವರು ಅಯ್ಯನವರ ಕಡೆ ನೋಡಿದರು. ಅಯ್ಯನವರು ಯಾರದೋ ಮಗುವಿನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಅದು ಮುಗಿಯುವ ತನಕ ಕಾದು ಸೆಕ್ರೆಟರಿ ಮನೆಗೆ ಹೋದರು.

ಆ ವಾರವೇ ಸಮಾಧಿ ಜಾಗದ ಅರ್ಜಿ ಬರೆಸಿದೆ. ನನಗೆ ಬೇರೆ ಜಾಗ ಬೇಡ, ನನ್ನ ಗಂಡನ ಗುಂಡಿಯೇ ಸಾಕು. ಹದಿನೈದು ವರ್ಷವಾಯಿತು, ಮಣ್ಣಾಗಿರುತ್ತಾರೆ. ನಾದಿನಿಯದಕ್ಕೆ ಅಯ್ಯನವರು ರುಜು ಹಾಕಿಕೊಟ್ಟರು. ಅದನ್ನು ಹಿಡಿದುಕೊಂಡು ನಾವಿಬ್ಬರೂ ಜಾಗ ನೋಡಲು ಹೋದೆವು. ಅಪ್ಪನ ಪಕ್ಕ ಹೆಚ್ಚು ಜಾಗ ಇದೆ ಅಂತ ತೋರಿಸಿದೆ. ಅಲ್ಲಿ ಬೇಡ ಅಂದಳು. ಅಮ್ಮನ ಪಕ್ಕಕ್ಕೆ ಹೋಗಿ, ತಲೆಯ ಕಡೆಯಿಂದ ಕಾಲಿನ ಕಡೆಗೆ ಹೆಜ್ಜೆ ಹಾಕಿ ಅಳೆದಳು. ಆಚೆ ಅಪಾರ್ಟ್‌ಮೆಂಟಿನವರು ಕಟ್ಟಿದ ಗೋಡೆ ಅಡ್ಡ ಬಂತು.

"ಒಂದಡಿ ಕಮ್ಮಿ ಬೀಳ್ತದೆ. ಕಾಲು ಮಡಚಬೇಕಾಗ್ತದೆ," ಅಂದೆ.

"ಮಡಚ್ತೀನಿ ಬಿಡು," ಅಂದಳು.